ಹೆಸರೇ ಆಜ್ಞೆಯಾದಾಗ

ತೇರದಾಳದ ಉಗ್ರಾಣವೊಂದರ ಕಾವಲುಗಾರನು ಬಂದವರ ಚೀಟಿಯಲ್ಲಿರುವ ಹೆಸರನ್ನು ಬರೆದುಕೊಳ್ಳುತ್ತಾನೆನ್ನೋಣ. ಚೀಟಿಯಲ್ಲಿ ‘ಬಸಪ್ಪ, ಬಾಗಿಲು ತೆಗೆ’ ಎಂದಿದ್ದರೆ ಅವನು ನಕ್ಕಾನು, ಗಣಕಯಂತ್ರವಾದರೋ ಬಾಗಿಲನ್ನೇ ತೆಗೆದೀತು. ಏಕೆಂದರೆ ಅದರ ಆಜ್ಞೆಗಳನ್ನು ನಡೆಸುವ ‘ಶೆಲ್’ಗೆ ಅರ್ಧವಿರಾಮದಂಥ ಕೆಲವು ಚಿಹ್ನೆಗಳು ಹೊಸ ಆಜ್ಞೆಯ ಸೂಚನೆಗಳು.

2023ರ ಮೇ ತಿಂಗಳಲ್ಲಿ ಬರಾಕುಡಾ ಸಂಸ್ಥೆಯ ಇ-ಮೇಲ್ ರಕ್ಷಣಾ ಉಪಕರಣದಲ್ಲಿ ಇಂಥದೇ ದೋಷವು ಬೆಳಕಿಗೆ ಬಂದಿತು. ಪತ್ರದೊಡನೆ ಬಂದ ‘ಟಾರ್’ ಕಟ್ಟಿನೊಳಗಿನ ಕಡತಗಳ ಹೆಸರುಗಳನ್ನು ಅದು ಸರಿಯಾಗಿ ಪರೀಕ್ಷಿಸದೆ ಶೆಲ್‌ಗೆ ಒಪ್ಪಿಸುತ್ತಿತ್ತು. ದಾಳಿಕಾರರು 2022ರ ಅಕ್ಟೋಬರಿನಿಂದಲೇ ಹೆಸರಿನಲ್ಲಿ ಆಜ್ಞೆಯನ್ನು ಹುದುಗಿಸಿ ಕಳುಹಿಸುತ್ತಿದ್ದರು. ಪತ್ರವನ್ನು ಯಾರೂ ತೆರೆಯಬೇಕಾಗಿರಲಿಲ್ಲ; ಪರೀಕ್ಷಕನೇ ಮೋಸಹೋದನು. ಕೊನೆಗೆ ದಾಳಿಗೊಳಗಾದ ಉಪಕರಣಗಳನ್ನೇ ಬದಲಾಯಿಸಬೇಕೆಂದು ಸಂಸ್ಥೆಯು ತಿಳಿಸಿತು.

ಹೊರಗಿನಿಂದ ಬಂದ ಹೆಸರನ್ನು ಆಜ್ಞೆಯ ವಾಕ್ಯದೊಳಗೆ ಸೇರಿಸದೆ, ಶೆಲ್‌ನ ನೆರವಿಲ್ಲದೆ, ಪ್ರತ್ಯೇಕವಾಗಿ ಪ್ರೋಗ್ರಾಮಿಗೆ ಒಪ್ಪಿಸುವುದೇ ಇದಕ್ಕೆ ಪರಿಹಾರ. ಆಗ ಹೆಸರು ಹೆಸರಾಗಿಯೇ ಉಳಿಯುತ್ತದೆ.