ಹೆರಾಲ್ಡ್ ಕಾರಿಗೆ ಜಿಪ್ಸಿ ಎಂಜಿನ್ನು

ಸಂಘದ ಗೋದಾಮಿನಲ್ಲಿ ಒಂದು ಟನ್ನು ಎತ್ತುವ ಚೈನ್ ಬ್ಲಾಕ್ ಇರುವುದು ಸದಸ್ಯ ಬಾಂಧವರಿಗೆ ತಿಳಿದೇ ಇದೆ. ಪಲ್ಪರ್ ಇಳಿಸುವುದಕ್ಕೆ, ಪಂಪಿನ ಮೋಟಾರು ಎತ್ತುವುದಕ್ಕೆ ಅದನ್ನು ಒಯ್ಯುತ್ತಾರೆ, ಕೆಲವರು ಹೇಳಿದ ದಿನಕ್ಕೆ ತಂದೂ ಕೊಡುತ್ತಾರೆ. ಕಳೆದ ಮಳೆಗಾಲದಲ್ಲಿ ಬೇಲೂರು ಕಡೆಯ ಹಿರಿಯ ಸದಸ್ಯರೊಬ್ಬರು ಅದನ್ನು ಕೇಳಿಕೊಂಡು ಬಂದರು. ರಿಜಿಸ್ಟರಿನ ‘ಉದ್ದೇಶ’ ಎಂಬ ಕಾಲಮಿನಲ್ಲಿ ‘ಕಾರಿನ ಎಂಜಿನ್ ಬದಲಾವಣೆ’ ಎಂದು ಬರೆದು ಸಹಿ ಹಾಕಿದರು. ನಾವು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದೆವು.

‘ಮಗ ಹಟ ಹಿಡಿದವ್ನೆ ಸೆಕ್ರೆಟರಿಗಳೇ. ಹೆರಾಲ್ಡಿಗೆ ಜಿಪ್ಸಿ ಎಂಜಿನ್ನು ಕೂರಿಸ್ತಾನಂತೆ. ನೀವೊಂದ್ಸಲ ಬಂದು ನೋಡಿ’ ಎಂದರು.

ಎಂಜಿನ್ ಬದಲಾವಣೆ ನಮ್ಮ ಕಡೆಯವರಿಗೆ ಹೊಸದೇನಲ್ಲ. ತೋಟದ ಮನೆಗಳಲ್ಲಿದ್ದ ಹಳೆಯ ಜೀಪುಗಳೆಲ್ಲ 2199 ಸಿ.ಸಿ.ಯ ಹರಿಕೇನ್ ಪೆಟ್ರೋಲ್ ಎಂಜಿನ್ನಿನವು. 1973ರ ನಂತರ ಪೆಟ್ರೋಲಿನ ಬೆಲೆ ಏರಿದಾಗ ಅವು ನಿಂತಲ್ಲೇ ತುಕ್ಕು ಹಿಡಿಯತೊಡಗಿದವು. ಮಹೀಂದ್ರ ಕಂಪನಿಯವರು 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು 2112 ಸಿ.ಸಿ.ಯ ಡೀಸೆಲ್ ಎಂಜಿನ್ ತಂದ ಮೇಲೆ, ಅದನ್ನೇ ಹಳೆಯ ಜೀಪಿನೊಳಗೆ ಕೂರಿಸುವ ಕೆಲಸ ಊರೂರಿನ ಗ್ಯಾರೇಜುಗಳಲ್ಲಿ ನಡೆಯಿತು. ನಮ್ಮ ತಂದೆಯವರೂ ಮಾಡಿಸಿದರು. ಆ ಜೀಪಿನ ಕಥೆಗೆ ಆಮೇಲೆ ಬರೋಣ. ಜೀಪಿಗೆ ಎಂಜಿನ್ ಬದಲಿಸಿದ್ದು ಹೊಟ್ಟೆಪಾಡಿಗೆ. ಕಾರಿಗೆ, ಅದೂ ಸ್ಪೋರ್ಟ್ಸ್ ಕಾರೆಂದು ಮನೆಯವರು ಕರೆಯುವ ಕಾರಿಗೆ, ದೊಡ್ಡ ಎಂಜಿನ್ ಹಾಕುವುದು ಮೋಜಿಗೆ. ಎರಡಕ್ಕೂ ವ್ಯತ್ಯಾಸವುಂಟು.

ಕಾರು 1967ರದು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನವರು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನು 1961ರಿಂದ ಇಲ್ಲಿ ತಯಾರಿಸುತ್ತಿದ್ದರು. ಅಂಬಾಸಿಡರ್, ಫಿಯಟ್, ಹೆರಾಲ್ಡ್ ಈ ಮೂರೇ ಕಾರುಗಳು ರಸ್ತೆಯಲ್ಲಿ ಕಾಣುತ್ತಿದ್ದ ಕಾಲವನ್ನು ಹಿರಿಯ ಓದುಗರು ನೆನೆಸಿಕೊಳ್ಳಬಹುದು. ಹೆರಾಲ್ಡಿನ ಮೈಕಟ್ಟು ಬೇರೆಯೇ ರೀತಿಯದು. ಅಡಿಯಲ್ಲಿ ಲಾರಿಗಿರುವಂತೆ ಪ್ರತ್ಯೇಕ ಚಾಸಿ, ಅದರ ಮೇಲೆ ತುಂಡುತುಂಡಾಗಿ ಬೋಲ್ಟು ಹಾಕಿದ ಬಾಡಿ. ಬೋಲ್ಟು ಬಿಚ್ಚಿದರೆ ಮಾಡು ಪೂರ್ತಿ ಎದ್ದು ಬರುತ್ತದೆ. ಬಾನೆಟ್ಟು ಮತ್ತು ಎರಡು ಮಡ್‌ಗಾರ್ಡುಗಳು ಒಟ್ಟಿಗೇ ಮುಂದಕ್ಕೆ ಮಗುಚಿಕೊಂಡು, ಎಂಜಿನ್ನು ಮೂರು ಕಡೆಯಿಂದ ಬಯಲಿಗೆ ಬರುತ್ತದೆ. ಟೈರಿನ ಮೇಲೆ ಕುಳಿತು ಸ್ಪ್ಯಾನರ್ ತಿರುಗಿಸಬಹುದು. ನಮ್ಮ ಸದಸ್ಯರ ತಂದೆಯವರು ಆ ಮಾಡನ್ನು ತೆಗೆಸಿ ಕ್ಯಾನ್‌ವಾಸ್ ಹೊದಿಕೆ ಮಾಡಿಸಿದ್ದರು. ಅಂದಿನಿಂದ ಅದು ಆ ಮನೆಯ ಸ್ಪೋರ್ಟ್ಸ್ ಕಾರು. ಮಾತು ಪೂರಾ ಸುಳ್ಳೂ ಅಲ್ಲ. 1962ರಲ್ಲಿ ಟ್ರಯಂಫ್‌ನವರು ಹೊರತಂದ ಸ್ಪಿಟ್‌ಫೈರ್ ಎಂಬ ನಿಜವಾದ ಸ್ಪೋರ್ಟ್ಸ್ ಕಾರು ಹೆರಾಲ್ಡಿನ ಚಾಸಿಯನ್ನೇ ಮೊಟಕು ಮಾಡಿ ಕಟ್ಟಿದ್ದು. ಎರಡರ ರೂಪವನ್ನೂ ಬರೆದವನು ಇಟಲಿಯ ಮಿಚೆಲೊಟ್ಟಿ.

ಇದರ ಮೂಲ ಎಂಜಿನ್ನು 948 ಸಿ.ಸಿ.ಯದು, ಶಕ್ತಿ 35ರಿಂದ 40 ಅಶ್ವಶಕ್ತಿಯೊಳಗೆ. ಏರಿನಲ್ಲಿ ಕುದಿದು ಕುದಿದು ಕೊನೆಗೊಂದು ದಿನ ಹಳೇಬೀಡಿನಿಂದ ಬರುವಾಗ ನಿಂತುಹೋಯಿತು. ಬ್ಲಾಕು ಸೀಳಿದೆ, ಇನ್ನು ಗುಜರಿಗೇ ಸರಿ ಎಂದು ಯಾರೋ ಮೆಕ್ಯಾನಿಕ್ ಹೇಳಿದ. ಯಾರೂ ಬಿಚ್ಚಿ ನೋಡಲಿಲ್ಲ. ಹನ್ನೊಂದು ವರ್ಷ ಕಾರು ಅಡಿಕೆ ಚೇಣಿಯವರ ಗೋಣಿಚೀಲಗಳ ಅಡಿಯಲ್ಲಿ ಮಲಗಿತ್ತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಗುಜರಿಯಿಂದ ಮಾರುತಿ ಜಿಪ್ಸಿಯ 1298 ಸಿ.ಸಿ. ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ತಂದ. ಕಾರ್ಬುರೇಟರ್ ಇರುವ ಹಳೆಯ ಬಗೆಯದು, 60 ಅಶ್ವಶಕ್ತಿ. ಹುಡುಗನ ಲೆಕ್ಕ ಕೆಟ್ಟದ್ದಾಗಿರಲಿಲ್ಲ ಎಂದು ಒಪ್ಪಬೇಕು. ಈಗಿನ ಸಣ್ಣ ಕಾರುಗಳ ಎಂಜಿನ್ನು ಅಡ್ಡಡ್ಡ ಕುಳಿತು ಮುಂದಿನ ಚಕ್ರ ತಿರುಗಿಸುತ್ತದೆ, ಹೆರಾಲ್ಡಿಗೆ ಅದು ಹೊಂದದು. ಜಿಪ್ಸಿಯದು ಉದ್ದಕ್ಕೆ ಕೂರುವ ಎಂಜಿನ್ನು. ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆ ಅದರಲ್ಲಿ ಗೇರ್‌ಬಾಕ್ಸಿನಿಂದ ಬೇರೆಯಾಗಿ, ನಡುವೆ ಗಿಡ್ಡ ಶಾಫ್ಟಿನೊಂದಿಗೆ ಇರುತ್ತದೆ. ಆ ಪೆಟ್ಟಿಗೆಯನ್ನು ಬಿಟ್ಟು ಗೇರ್‌ಬಾಕ್ಸಿನಿಂದ ನೇರವಾಗಿ ಹಿಂದಿನ ಡಿಫರೆನ್ಷಿಯಲ್ಲಿಗೆ ಶಾಫ್ಟು ಎಳೆಯಬಹುದು. ಬ್ಲಾಕು ಅಲ್ಯುಮಿನಿಯಂನದಾದ್ದರಿಂದ ಕಾರಿನ ಮೂತಿ ಕುಸಿಯುವ ಭಯವೂ ಇಲ್ಲ. ನಮ್ಮ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದಾಗ ಮುಂದಿನ ಪಟ್ಟಿಗಳು ಆರೇ ತಿಂಗಳಲ್ಲಿ ಚಪ್ಪಟೆಯಾಗಿದ್ದವು.

ಭಾನುವಾರಗಳಲ್ಲಿ ನಾವೂ ಹೋಗಿ ನಿಂತೆವು. ಪಲ್ಪರ್ ಮನೆಯ ತೊಲೆಗೆ ಚೈನ್ ಬ್ಲಾಕ್ ಕಟ್ಟಿ ಹಳೆಯ ಎಂಜಿನ್ನನ್ನು ಎತ್ತಿದ್ದು ಅರ್ಧ ಗಂಟೆಯ ಕೆಲಸ. ಹೊಸದನ್ನು ಇಳಿಸಿದ್ದು ಏಳು ಭಾನುವಾರದ ಕೆಲಸ. ಒಮ್ಮೆ ಎಣ್ಣೆಯ ಸಂಪು ಚಾಸಿಯ ಅಡ್ಡಪಟ್ಟಿಗೆ ತಾಗಿತು. ಹಿಂದಕ್ಕೆ ಸರಿಸಿದರೆ ಸ್ಟೀರಿಂಗ್ ಕೊಳವೆಗೆ ಹೊಗೆಕೊಳವೆ ತಾಗಿತು. ಹೆರಾಲ್ಡಿನಲ್ಲಿ ಕಾರ್ಬುರೇಟರ್ ಮತ್ತು ಹೊಗೆಕೊಳವೆ ಎರಡೂ ಒಂದೇ ಬದಿಗೆ, ಜಿಪ್ಸಿಯಲ್ಲಿ ಒಂದೊಂದು ಬದಿಗೆ ಒಂದೊಂದು. ಶಾಫ್ಟು ಮಾಡಿಸಲು ಅರಸೀಕೆರೆಗೆ ಹೋಗಬೇಕಾಯಿತು. ಒಂದು ತುದಿಗೆ ಜಿಪ್ಸಿಯ ಫ್ಲೇಂಜು, ಇನ್ನೊಂದಕ್ಕೆ ಹೆರಾಲ್ಡಿನದು. ಅಲ್ಲಿನ ಲೇತಿನ ಮೇಸ್ತ್ರಿ ಶಾಫ್ಟು ಅಳೆದುಕೊಳ್ಳುತ್ತಾ, ‘ಎಂಜಿನ್ನು ದೊಡ್ಡದು ಮಾಡಿದ್ರಿ ಸ್ವಾಮಿ, ಹಿಂದಿನ ಆಕ್ಸಲ್ ಹಳೇದೇ ಅಲ್ವ?’ ಎಂದು ಕೇಳಿದರು. ಹುಡುಗ ನಕ್ಕ. ನಾವೂ ನಕ್ಕೆವು, ತಪ್ಪು ನಮ್ಮದೂ ಇದೆ.

ಈ ಹುಚ್ಚು ಬೇಲೂರಿನದು ಮಾತ್ರವಲ್ಲ. 1964ರಲ್ಲಿ ಇಂಗ್ಲೆಂಡಿನ ಸನ್‌ಬೀಮ್ ಕಂಪನಿಯವರು ತಮ್ಮ ಪುಟ್ಟ ಆಲ್ಪೈನ್ ಕಾರಿಗೆ ಅಮೆರಿಕದ ಫೋರ್ಡ್ ಕಂಪನಿಯ ಎಂಟು ಸಿಲಿಂಡರ್ ಎಂಜಿನ್ ತುರುಕಿ ‘ಟೈಗರ್’ ಎಂದು ಮಾರಿದರು. ಒಳಗೆ ಎಷ್ಟು ಇಕ್ಕಟ್ಟೆಂದರೆ ಒಂದು ಸ್ಪಾರ್ಕ್ ಪ್ಲಗ್ಗು ತೆಗೆಯಲು ಕಾರಿನೊಳಗೆ ಕುಳಿತು, ಗೋಡೆಯಲ್ಲಿ ಬಿಟ್ಟಿರುವ ತೂತಿನಿಂದ ಕೈಹಾಕಬೇಕು. ಕೆನ್ ಕಾಸ್ಟೆಲೋ ಎಂಬಾತ ಎಂ.ಜಿ.ಬಿ. ಕಾರಿಗೆ ರೋವರ್ ಕಂಪನಿಯ 3528 ಸಿ.ಸಿ. ಎಂಜಿನ್ ಕೂರಿಸಿ ತೋರಿಸಿದ ಮೇಲೆ, ಕಾರ್ಖಾನೆಯವರೇ 1973ರಿಂದ 1976ರವರೆಗೆ ಅದೇ ಬಗೆಯ 2591 ಕಾರುಗಳನ್ನು ಮಾಡಿದರು.

ನಮ್ಮ ವಿಷಯಕ್ಕೆ ಹತ್ತಿರದ್ದು ಟ್ರಯಂಫ್‌ನವರದೇ ಅನುಭವ. ಹೆರಾಲ್ಡಿನ ಇದೇ ವಿನ್ಯಾಸಕ್ಕೆ ಅವರು ಇಂಗ್ಲೆಂಡಿನಲ್ಲಿ 948ರ ಬದಲು 1961ರಲ್ಲಿ 1147, 1967ರಲ್ಲಿ 1296 ಸಿ.ಸಿ. ಎಂಜಿನ್ ಹಾಕಿದರು. 1147 ಹಾಕಿದಾಗ ಡಿಫರೆನ್ಷಿಯಲ್ಲಿನ ಹಲ್ಲಿನ ಲೆಕ್ಕವನ್ನೂ 4.875ರಿಂದ 4.11ಕ್ಕೆ ಇಳಿಸಿದರು. ಆರು ಸಿಲಿಂಡರಿನ ವಿಟೆಸ್ ಕಾರು ಮಾಡಿದಾಗ ಚಾಸಿಯನ್ನು ಗಟ್ಟಿಮಾಡಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೊಟ್ಟರು. ಆದರೂ 2000 ಸಿ.ಸಿ.ಗೆ ಏರಿದಾಗ ಪತ್ರಿಕೆಗಳವರೂ ಕೊಂಡವರೂ ಹಿಂಭಾಗವನ್ನು ದೂರಿದರು. 1968ರಲ್ಲಿ ಅವರು ಹಿಂದಿನ ಸಸ್ಪೆನ್ಷನ್ನನ್ನೇ ಬದಲಿಸಬೇಕಾಯಿತು. 1970ರಲ್ಲಿ ಸ್ಪಿಟ್‌ಫೈರಿನ ಹಿಂದಿನ ಪಟ್ಟಿಯನ್ನೂ ತಿದ್ದಿದರು.

ದೂರು ಏನೆಂದು ವಿವರಿಸಬೇಕು. ಅಂಬಾಸಿಡರಿನ ಹಿಂದಿನ ಆಕ್ಸಲ್ ಗಾಡಿಯ ಇರಚಿಯ ಹಾಗೆ ಈ ಚಕ್ರದಿಂದ ಆ ಚಕ್ರಕ್ಕೆ ಒಂದೇ ಸಮ. ಹೆರಾಲ್ಡಿನಲ್ಲಿ ಡಿಫರೆನ್ಷಿಯಲ್ ಚಾಸಿಗೆ ಬಿಗಿದಿದೆ, ಅದರ ಎರಡೂ ಬದಿಗೆ ಬಾಗಿಲ ರೆಕ್ಕೆಯಂತೆ ಅರ್ಧ ಅರ್ಧ ಆಕ್ಸಲ್ಲು ಮೇಲೆ ಕೆಳಗೆ ಆಡುತ್ತದೆ. ಹಳ್ಳ ದಿಣ್ಣೆಯಲ್ಲಿ ಇದು ಬಲು ಸುಖ. ಆದರೆ ವೇಗವಾಗಿ ತಿರುವು ಹೊಕ್ಕು, ಹೆದರಿ ಆಕ್ಸಲರೇಟರಿನಿಂದ ಕಾಲು ತೆಗೆದರೆ ಅಥವಾ ಬ್ರೇಕು ತುಳಿದರೆ, ಕಾರಿನ ಹಿಂಭಾಗ ಮೇಲೇಳುತ್ತದೆ. ಆಗ ಹೊರಬದಿಯ ಚಕ್ರ ಒಳಕ್ಕೆ ಮಡಚಿಕೊಂಡು ಟೈರಿನ ಅಂಚಷ್ಟೇ ನೆಲ ಹಿಡಿಯುತ್ತದೆ, ಬಾಲ ತಿರುಗಿಕೊಳ್ಳುತ್ತದೆ. 948ರ ಎಂಜಿನ್ನು ಇದ್ದಾಗ ಆ ವೇಗಕ್ಕೆ ಕಾರು ಹೋಗುತ್ತಲೇ ಇರಲಿಲ್ಲವಾದ್ದರಿಂದ ಮನೆಯವರಿಗೆ ಈ ಗುಣ ತಿಳಿದಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಎಂಜಿನ್ನು ಶುರುವಾಯಿತು. ಸದ್ದು ಇಂಪಾಗಿಯೇ ಇತ್ತು. ತೋಟದೊಳಗಿನ ಖಾಸಗಿ ರಸ್ತೆಯಲ್ಲೇ ಓಡಿಸಬೇಕೆಂದು ತಂದೆ ಕಟ್ಟುನಿಟ್ಟು ಮಾಡಿದ್ದರು. ಏರಿನಲ್ಲಿ ಕಾರು ಹಕ್ಕಿಯಂತೆ ಹೋಯಿತು. ಇಳಿಯುವಾಗ, ಕೆರೆ ಏರಿಗೆ ಮೊದಲಿನ ಬಲ ತಿರುವಿನಲ್ಲಿ ಕಾಫಿ ಕೊಯ್ಲಿಗೆ ಬಂದ ಆಳುಗಳು ಕಂಡರು, ಹುಡುಗ ಕಾಲು ತೆಗೆದು ಬ್ರೇಕು ತುಳಿದ. ಕಾರು ಹಿಂದುಮುಂದಾಗಿ ತಿರುಗಿ, ಸಿಲ್ವರ್ ಮರಕ್ಕೆ ಬಾಗಿಲು ಒರೆಸಿಕೊಂಡು, ಬಸಿಗಾಲುವೆಯಲ್ಲಿ ನಿಂತಿತು. ಆಳುಗಳಿಗೂ ಕಾರಿಗೂ ನಡುವೆ ಉಳಿದಿದ್ದ ಜಾಗ ಒಂದು ಕಾಫಿ ಗಿಡದಷ್ಟು. ಯಾರಿಗೂ ಪೆಟ್ಟಾಗಲಿಲ್ಲ. ಮುಂದಿದ್ದ ಹೆಂಗಸು ಬುಟ್ಟಿ ಕೆಳಗಿಟ್ಟು, ಏನೂ ಮಾತಾಡದೆ, ಚೆಲ್ಲಿದ ಹಣ್ಣು ಹೆಕ್ಕತೊಡಗಿದಳು. ತಂದೆಯವರು ಹೋಗಿ ಆಕೆಯೊಡನೆ ಕುಕ್ಕರಗಾಲಿನಲ್ಲಿ ಕುಳಿತು ಹೆಕ್ಕಿದರು. ನಾವು ಕಣದಂಚಿನಲ್ಲಿ ನಿಂತು ನೋಡಿದ್ದು ಇಷ್ಟು.

ಬ್ರೇಕಿನ ಲೆಕ್ಕವನ್ನೂ ಆ ದಿನವೇ ಹಾಕಿದೆವು. ಗಂಟೆಗೆ 40 ಕಿಲೋಮೀಟರಿನ ಬದಲು 60ರಲ್ಲಿ ಬರುವ ಕಾರನ್ನು ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಈ ಕಾರಿಗಿದ್ದದ್ದು 1967ರ ಡ್ರಮ್ ಬ್ರೇಕುಗಳೇ. ಎಳೆತ ಒಂದೂವರೆ ಪಟ್ಟಾದಾಗ ಹಳೆಯ ಅರ್ಧ ಆಕ್ಸಲ್ಲುಗಳು ಎಷ್ಟು ದಿನ ತಾಳುತ್ತಿದ್ದವೋ! ಡಿಸ್ಕ್ ಬ್ರೇಕು, ತಿದ್ದಿದ ಪಟ್ಟಿ, ಬಲವಾದ ಆಕ್ಸಲ್ಲು ಎಲ್ಲವನ್ನೂ ಇಂಗ್ಲೆಂಡಿನಿಂದ ತರಿಸಬಹುದು ಎಂದು ಹುಡುಗ ಪಟ್ಟಿ ಮಾಡಿದ. ಹಣವನ್ನೂ ಒದಗಿಸಬಹುದಿತ್ತು. ತಡೆದದ್ದು ಕಾಗದಪತ್ರ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲತಃ ಕೊಟ್ಟ ವಿವರಕ್ಕೂ ಆರ್.ಸಿ.ಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕನು ವಾಹನ ಮಾರ್ಪಡಿಸಕೂಡದು. 2000ದಲ್ಲಿ ಈ ಕಲಮನ್ನು ಬಿಗಿಮಾಡಲಾಯಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಸಿ.ಎನ್.ಜಿ., ವಿದ್ಯುತ್ತು ಮುಂತಾದ ಬೇರೆ ಇಂಧನದ ಕಿಟ್ಟುಗಳಿಗೆ ಷರತ್ತಿನ ಮೇಲೆ ದಾರಿಯಿದೆ. ಪೆಟ್ರೋಲ್ ಎಂಜಿನ್ ತೆಗೆದು ಬೇರೆ ಕಂಪನಿಯ ದೊಡ್ಡ ಪೆಟ್ರೋಲ್ ಎಂಜಿನ್ ಹಾಕಲು ಅದು ದಾರಿಯಲ್ಲ.

ದಂಡಕ್ಕಿಂತ ನಮಗೆ ಹೆದರಿಕೆ ವಿಮೆಯದು. ಈಗ ಜೀಪಿನ ಕಥೆ. ತಂದೆಯವರು ಡೀಸೆಲ್ ಎಂಜಿನ್ ಹಾಕಿಸಿದ ಕಾಲಕ್ಕೆ ಅನುಮತಿ ಪಡೆದು ಆರ್.ಸಿ.ಯಲ್ಲಿ ಬರೆಸಲು ಅವಕಾಶವಿತ್ತು, ನಾಳೆ ನಾಡಿದ್ದು ಎಂದು ನಾವು ಬರೆಸಲಿಲ್ಲ. 2003ರಲ್ಲಿ ಜಾವಗಲ್ ಬಳಿ ಲಾರಿಯೊಂದು ಹಿಂದಿನಿಂದ ಗುದ್ದಿತು. ತಪ್ಪು ಲಾರಿಯದೇ. ಆದರೆ ವಿಮೆಯ ಸರ್ವೇಯರು ಬಾನೆಟ್ಟು ಎತ್ತಿ ಎಂಜಿನ್ ನಂಬರನ್ನು ಆರ್.ಸಿ.ಗೆ ಹಿಡಿದು ನೋಡಿದರು, ನಮ್ಮ ಜೀಪಿನ ರಿಪೇರಿಯ ಕ್ಲೇಮು ಅಲ್ಲಿಗೇ ಮುಗಿಯಿತು. ಆ ವರ್ಷದ ಮೆಣಸಿನ ದುಡ್ಡು ಗ್ಯಾರೇಜಿಗೆ ಹೋಯಿತು. ಗುದ್ದಿದವರು ನಾವೇ ಆಗಿದ್ದು, ಸತ್ತವರೊಬ್ಬರಿದ್ದಿದ್ದರೆ ಏನಾಗುತ್ತಿತ್ತೆಂದು ಈಗಲೂ ಒಮ್ಮೊಮ್ಮೆ ರಾತ್ರಿ ಎಚ್ಚರವಾಗುತ್ತದೆ.

ಇನ್ನೊಂದು ಸಂಗತಿಯನ್ನು ಹುಡುಗನೇ ಹುಡುಕಿ ತಂದ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ 50 ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ದಿನನಿತ್ಯದ ಓಡಾಟಕ್ಕಲ್ಲ, ಪ್ರದರ್ಶನ ಮತ್ತು ರ‍್ಯಾಲಿಗಳಿಗೆ. ಷರತ್ತು ಒಂದೇ ಮುಖ್ಯವಾದದ್ದು: ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಕೂಡದು. ಜಿಪ್ಸಿ ಎಂಜಿನ್ನಿನ ಹೆರಾಲ್ಡು ಅಲ್ಲಿಗೂ ಸಲ್ಲದು, ಇಲ್ಲಿಗೂ ಸಲ್ಲದು. ಅಜ್ಜ ಬಿಚ್ಚಿಸಿದ ಮಾಡು ಅದೃಷ್ಟಕ್ಕೆ ಅಟ್ಟದ ಮೇಲೆ ಇನ್ನೂ ಇದೆ. ಬೋಲ್ಟುಗಳನ್ನು ಹುಡುಕಬೇಕು.

ಸಂಕ್ರಾಂತಿಯ ಹೊತ್ತಿಗೆ ಹಳೆಯ 948 ಎಂಜಿನ್ನನ್ನು ಗೋಣಿಯಲ್ಲಿ ಸುತ್ತಿ ಅರಸೀಕೆರೆಗೆ ಒಯ್ದರು. ಮೇಸ್ತ್ರಿಯವರು ಬಿಚ್ಚಿ, ತೊಳೆದು, ನೀರಿನ ಒತ್ತಡ ಕೊಟ್ಟು ನೋಡಿದರು. ಬ್ಲಾಕು ಸೀಳಿರಲೇ ಇಲ್ಲ! ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ ಸುಟ್ಟಿತ್ತು, ಸಿಲಿಂಡರುಗಳು ಸವೆದಿದ್ದವು, ರೇಡಿಯೇಟರಿನ ಅರ್ಧದಷ್ಟು ಕೊಳವೆಗಳು ಕೆಸರಿನಿಂದ ಕಟ್ಟಿದ್ದವು. ಹನ್ನೊಂದು ವರ್ಷ ಒಬ್ಬನ ಬಾಯಿಮಾತು ನಂಬಿ ಕುಳಿತದ್ದಕ್ಕೆ ಸದಸ್ಯರು ತಮ್ಮನ್ನೇ ಬೈದುಕೊಂಡರು. ಸಿಲಿಂಡರು ಕೊರೆಸಿದ್ದಾಗಿದೆ, ದಪ್ಪ ಪಿಸ್ಟನ್ನುಗಳು ಇಂಗ್ಲೆಂಡಿನಿಂದ ಬರಬೇಕು. ಜಿಪ್ಸಿ ಎಂಜಿನ್ನನ್ನು ಮೂಡಿಗೆರೆ ಕಡೆಯ ಒಬ್ಬರು ತಮ್ಮ ಜಿಪ್ಸಿಗೇ ಕೇಳಿದ್ದಾರೆ. ಅದಕ್ಕೆ ಅದೇ ಸರಿಯಾದ ಮನೆ, ಆದರೂ ನಂಬರಿನ ವಿಷಯ ಮೊದಲು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ ಎಂದು ಅವರಿಗೂ ಹೇಳಿದ್ದೇವೆ.

ಚೈನ್ ಬ್ಲಾಕ್ ಇನ್ನೂ ಅವರ ಪಲ್ಪರ್ ಮನೆಯ ತೊಲೆಯಲ್ಲೇ ಇದೆ. ಹಳೆಯ ಎಂಜಿನ್ನು ಇಳಿಸುವವರೆಗೆ ಇನ್ನೊಂದು ತಿಂಗಳು ಬೇಕೆಂದು ಪತ್ರ ಕೊಟ್ಟಿದ್ದಾರೆ. ಪಂಪು ಎತ್ತಬೇಕಾದ ಸದಸ್ಯರು ದಯಮಾಡಿ ಮೊದಲು ಕಚೇರಿಗೆ ಫೋನು ಮಾಡಿ ಬರುವುದು.