ಎಸೆದ ಚಾಕು ಕೈಗೆ ಮರಳಲಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮಾಂಕ್‌ಗೆ ಚಾಕು ಎಸೆಯುವ ಸಬ್‌ಕ್ಲಾಸ್ ಕಟ್ಟುವಾಗ ಏಟಿನ ಬಲ ಹೆಚ್ಚಿಸಬೇಕಿಲ್ಲ. 2014ರ ನಿಯಮದಲ್ಲಿ ಡ್ಯಾಗರ್ ಆಗಲೇ ಮಾಂಕ್‌ನ ಆಯುಧ. 20 ಅಡಿ ಸಲೀಸಾಗಿ ಹೋಗುತ್ತದೆ, ಡಿಸ್‌ಅಡ್ವಾಂಟೇಜ್ ಒಪ್ಪಿದರೆ 60 ಅಡಿ. ತೊಡಕಿರುವುದು ಸೊಂಟಪಟ್ಟಿಯಲ್ಲಿ: 5ನೇ ಲೆವೆಲ್‌ನಲ್ಲಿ ಎರಡು ಏಟು ಸಿಕ್ಕರೂ, ಒಂದು ಸರದಿಯಲ್ಲಿ ಪುಕ್ಕಟೆಯಾಗಿ ಹಿರಿಯಬಹುದಾದದ್ದು ಒಂದೇ ಚಾಕು. ಹಾಗಾಗಿ ಒಂದು ಕೀ ಪಾಯಿಂಟ್ ಕೊಟ್ಟರೆ ಎಸೆದ ಚಾಕುಗಳು ಕೈಗೆ ಮರಳಲಿ.

ಸನ್ ಸೋಲ್ ಸಬ್‌ಕ್ಲಾಸ್‌ನ ಮಾಂಕ್ ದೂರದಿಂದಲೇ ಹೊಡೆಯುತ್ತಾನಲ್ಲ ಎನ್ನಬಹುದು. ನಿಜ, ಆದರೆ ಅವನು ಎಸೆಯುವುದು ಬೆಳಕನ್ನು; ನೆಲಕ್ಕೆ ಬಿದ್ದದ್ದನ್ನು ಹೆಕ್ಕುವ ಚಿಂತೆ ಅವನಿಗಿಲ್ಲ. ಎದುರಾಳಿಯನ್ನು ಸ್ತಬ್ಧಗೊಳಿಸುವ ಸ್ಟನ್ನಿಂಗ್ ಸ್ಟ್ರೈಕನ್ನು ಎಸೆತಕ್ಕೂ ಕೊಡಿ ಎಂದರೆ ಮಾತ್ರ ಒಪ್ಪಲಾರೆ. 2014ರ ನಿಯಮದಲ್ಲಿ ಅದು ಕೈಗೆಟುಕುವ ಏಟಿಗಷ್ಟೇ ಇರುವುದರಿಂದಲೇ ಮಾಂಕ್ ಅಪಾಯದೊಳಗೆ ನುಗ್ಗುತ್ತಾನೆ. ದಯವಿಟ್ಟು ನಿಮ್ಮ ಕರಡಿನಲ್ಲಿ ಆ ನಿಯಮವನ್ನು ಮುಟ್ಟಬೇಡಿ.