‘ಮಹಾನಾಯಕ’ ನೋಡಿ ಕಣ್ಣೀರು ಬಂತೇ? ಆ ದೃಶ್ಯಗಳಲ್ಲಿ ಯಾವುದು ದಾಖಲೆ, ಯಾವುದು ಕಲ್ಪನೆ?

‘ಇದು ಅಂಬೇಡ್ಕರ್ ಅವರ ಬಾಲ್ಯದ ನಿಜವಾದ ಘಟನೆ. ನೋಡಿ ಕಣ್ಣೀರು ಬರದಿದ್ದರೆ ಕೇಳಿ. ಎಲ್ಲ ಗ್ರೂಪ್‌ಗಳಿಗೂ ಕಳಿಸಿ.’

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಇಂಥ ಸಾಲುಗಳೊಂದಿಗೆ ‘ಮಹಾನಾಯಕ’ ಧಾರಾವಾಹಿಯ ತುಣುಕುಗಳು ಇಂದಿಗೂ ಓಡಾಡುತ್ತವೆ. ಬಾಲಕ ಭೀಮರಾವ್‌ಗೆ ನೀರು ಕೊಡದ ದೃಶ್ಯ, ಶಾಲೆಯಲ್ಲಿ ಬೇರೆ ಕೂರಿಸುವ ದೃಶ್ಯ, ತಾಯಿ ಭೀಮಾಬಾಯಿ ಮಗನಿಗೆ ಧೈರ್ಯ ಹೇಳುವ ದೃಶ್ಯ ಎಂದರೆ ಜನರಿಗೆ ಅಚ್ಚುಮೆಚ್ಚು. ಇವೆಲ್ಲ ನಡೆದದ್ದೇ? ನಾವು ಪರಿಶೀಲಿಸಿದೆವು.

ಧಾರಾವಾಹಿಯ ಹಿನ್ನೆಲೆ

ಹಿಂದಿಯಲ್ಲಿ 2019ರ ಡಿಸೆಂಬರ್‌ನಲ್ಲಿ ಆರಂಭವಾದ ಈ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ 2020ರ ಜುಲೈನಿಂದ ಜೀ ಕನ್ನಡದಲ್ಲಿ ಪ್ರಸಾರವಾಯಿತು. ರಾಜ್ಯದ ಹಲವು ಊರುಗಳಲ್ಲಿ ಅಭಿಮಾನಿಗಳು ಇದಕ್ಕಾಗಿಯೇ ಫ್ಲೆಕ್ಸ್, ಕಟೌಟ್ ನಿಲ್ಲಿಸಿದರು. ಪ್ರಸಾರ ನಿಲ್ಲಿಸುವಂತೆ ಬೆದರಿಕೆ ಕರೆಗಳು ಬರುತ್ತಿವೆ ಎಂದು ವಾಹಿನಿಯ ಮುಖ್ಯಸ್ಥರು ಹೇಳಿದಾಗ ಬೆಂಬಲ ಇನ್ನೂ ಹೆಚ್ಚಿತು. ಅಂದರೆ ಇದು ಬರೀ ಮನರಂಜನೆಯಾಗಿ ಉಳಿದಿರಲಿಲ್ಲ.

ನೀರಿನ ದೃಶ್ಯ: ಮೂಲ ಘಟನೆಗೆ ದಾಖಲೆ ಇದೆ

ಇದಕ್ಕೆ ಸಾಕ್ಷಿ ಸ್ವತಃ ಅಂಬೇಡ್ಕರ್. 1930ರ ದಶಕದಲ್ಲಿ ಅವರು ಬರೆದಿಟ್ಟ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ನೆನಪಿನ ಬರಹ 1990ರಲ್ಲಿ ಪುಸ್ತಿಕೆಯಾಗಿ ಪ್ರಕಟವಾಯಿತು.

ಅದರಲ್ಲಿ 1901ರ ಒಂದು ಪ್ರಯಾಣದ ವಿವರವಿದೆ. ಆಗ ಕುಟುಂಬ ಸಾತಾರದಲ್ಲಿತ್ತು. ತಂದೆ ಕೋರೆಗಾಂವ್‌ನಲ್ಲಿ ಬರಗಾಲದ ಕೆರೆ ಕಾಮಗಾರಿಯ ಕ್ಯಾಶಿಯರ್. ರಜೆಗೆ ಅಪ್ಪನ ಬಳಿ ಹೊರಟ ಹುಡುಗರು ರೈಲಿನಲ್ಲಿ ಮಸೂರ್ ನಿಲ್ದಾಣಕ್ಕೆ ಬಂದಿಳಿದರು. ಅವರು ಬರುವ ಸುದ್ದಿ ಅಪ್ಪನಿಗೆ ಮುಟ್ಟಿರಲಿಲ್ಲ, ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಹುಡುಗರು ಮಹಾರರು ಎಂದು ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರರ ವರ್ತನೆಯೇ ಬದಲಾಯಿತು. ಚಕ್ಕಡಿಯವರು ಯಾರೂ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಷರತ್ತು ಏನೆಂದರೆ, ಬಾಡಿಗೆ ಎರಡರಷ್ಟು ಕೊಡಬೇಕು, ಚಕ್ಕಡಿಯನ್ನು ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ.

ಕೈಯಲ್ಲಿ ಬುತ್ತಿ ಇತ್ತು, ಕುಡಿಯಲು ನೀರಿರಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ ತಾವು ಮುಸ್ಲಿಮರೆಂದು ಹೇಳಿ ನೀರು ಕೇಳಿದರೂ ಸಿಗಲಿಲ್ಲ. ನೀರಿಲ್ಲದೆ ಊಟವೂ ಇಲ್ಲ, ಹಾಗೆಯೇ ಮಲಗಿದರು. ಊರು ತಲುಪಿದ್ದು ಮರುದಿನ ಬೆಳಿಗ್ಗೆ 11ಕ್ಕೆ.

ಶಾಲೆಯ ದೃಶ್ಯ: ಇದಕ್ಕೂ ದಾಖಲೆ ಇದೆ

ಅದೇ ಬರಹದ ಪ್ರಕಾರ, ಅವರು ತರಗತಿಯಲ್ಲಿ ಬೇರೆಯಾಗಿ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಆ ತಟ್ಟನ್ನು ಶಾಲೆಯ ಜವಾನನೂ ಮುಟ್ಟುತ್ತಿರಲಿಲ್ಲ, ಹಾಗಾಗಿ ದಿನಾ ಮನೆಗೆ ಒಯ್ದು ಮತ್ತೆ ತರುತ್ತಿದ್ದರು. ನಲ್ಲಿಯನ್ನು ತಾವೇ ತಿರುಗಿಸುವಂತಿರಲಿಲ್ಲ. ಜವಾನ ಇದ್ದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. ಕ್ಷೌರಿಕರು ಮುಟ್ಟುತ್ತಿರಲಿಲ್ಲವಾದ್ದರಿಂದ ಮನೆಯ ಹುಡುಗರ ಕೂದಲು ಕತ್ತರಿಸುತ್ತಿದ್ದುದು ಅಕ್ಕ.

ತಾಯಿ-ಮಗನ ಸಂಭಾಷಣೆ: ಬರಹಗಾರರ ಕಲ್ಪನೆ

ಇಲ್ಲಿ ಎಚ್ಚರ ಬೇಕು. ಅಂಬೇಡ್ಕರ್ ತೀರ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. 1901ರ ಆ ಪ್ರಯಾಣದ ಹೊತ್ತಿಗೆ ತಾಯಿ ಇರಲಿಲ್ಲ, ಅತ್ತೆ ನೋಡಿಕೊಳ್ಳುತ್ತಿದ್ದರು ಎಂದು ಅವರೇ ಬರೆದಿದ್ದಾರೆ. ಧಾರಾವಾಹಿಯಲ್ಲಿ ಭೀಮಾಬಾಯಿ ಆಡುವ ಉದ್ದನೆಯ ಮಾತುಗಳನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಅವು ನಾಟಕಕ್ಕಾಗಿ ಹೆಣೆದ ಮಾತುಗಳು. ಐತಿಹಾಸಿಕ ಧಾರಾವಾಹಿಗಳ ಆರಂಭದಲ್ಲಿ ಸಾಮಾನ್ಯವಾಗಿ ಇಂಥದೊಂದು ಸೂಚನೆ ಇರುತ್ತದೆ. ಎರಡು ನಿಮಿಷದ ಕ್ಲಿಪ್‌ನಲ್ಲಿ ಅದು ಕಾಣುವುದಿಲ್ಲ.

ನಟನೆ ಎಂದು ಗೊತ್ತಿದ್ದರೂ ಅಳು ಏಕೆ?

ನಾವು ಕಥೆಯೊಳಗೆ ಮುಳುಗಿದಾಗ ಮನಸ್ಸು ಪಾತ್ರದ ನೋವಿಗೆ ಸ್ಪಂದಿಸುತ್ತದೆ. ‘ಇದು ನಿಜವೋ ಸುಳ್ಳೋ’ ಎಂಬ ಲೆಕ್ಕಾಚಾರ ನಂತರದ್ದು. ಹಾಗಾಗಿ ಕಣ್ಣೀರು ಬಂದರೆ ಅದು ದೌರ್ಬಲ್ಯವಲ್ಲ. ಆದರೆ ಕಣ್ಣೀರು ಬಂತು ಎಂದ ಮಾತ್ರಕ್ಕೆ ದೃಶ್ಯ ಸತ್ಯವೆಂದೂ ಅಲ್ಲ.

‘ಅತ್ತರೆ ದೇಹದ ವಿಷ ಹೊರಹೋಗುತ್ತದೆ’ ಎಂಬ ಫಾರ್ವರ್ಡ್ ಕೂಡ ಇದೆ. ಈರುಳ್ಳಿ ಹೆಚ್ಚಿದಾಗ ಬರುವ ಕಣ್ಣೀರಿಗಿಂತ ಭಾವನೆಯ ಕಣ್ಣೀರಿನಲ್ಲಿ ಪ್ರೋಟೀನ್ ಹೆಚ್ಚಿರುತ್ತದೆ ಎಂದು ಅಮೆರಿಕದ ಸಂಶೋಧಕ ವಿಲಿಯಂ ಫ್ರೇ 1980ರ ದಶಕದಲ್ಲಿ ಹೇಳಿದ್ದರು. ಅದರಿಂದ ದೇಹ ಶುದ್ಧಿಯಾಗುತ್ತದೆ ಎಂದು ಸಾಬೀತಾಗಿಲ್ಲ. ಆ ಕೆಲಸ ಮಾಡುವುದು ಮೂತ್ರಪಿಂಡ ಮತ್ತು ಯಕೃತ್ತು.

ಇನ್ನೊಂದು ವಿಷಯ. ಜೋನಾ ಬರ್ಗರ್ ಮತ್ತು ಕ್ಯಾಥರೀನ್ ಮಿಲ್ಕ್‌ಮನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನ ಹೆಚ್ಚು ಹಂಚಿಕೊಳ್ಳುವುದು ಸಿಟ್ಟು, ಆತಂಕ, ಬೆರಗು ಹುಟ್ಟಿಸುವ ಬರಹಗಳನ್ನು. ಬರೀ ದುಃಖ ಅಷ್ಟು ಹರಡುವುದಿಲ್ಲ. ಮಗುವಿಗೆ ನೀರು ಕೊಡದ ದೃಶ್ಯ ಮೊದಲು ಅಳಿಸುತ್ತದೆ, ಮರುಕ್ಷಣ ಸಿಟ್ಟು ತರಿಸುತ್ತದೆ. ಫಾರ್ವರ್ಡ್ ಒತ್ತಲು ಬೆರಳು ಹೋಗುವುದು ಆಗಲೇ.

ಇಷ್ಟು ಬೇರ್ಪಡಿಸುವುದು ಏಕೆ ಬೇಕು?

ಕಲ್ಪನೆಯ ಸಂಭಾಷಣೆಯನ್ನೂ ‘ನಿಜ ಘಟನೆ’ ಎಂದು ಹಂಚಿದರೆ, ಯಾರಾದರೂ ಅದೊಂದನ್ನೇ ಹಿಡಿದು ‘ನೋಡಿ, ಎಲ್ಲವೂ ಕಟ್ಟುಕಥೆ’ ಎನ್ನಬಹುದು. ಆಗ ಗೋಣಿತಟ್ಟು, ಚಕ್ಕಡಿ, ಬಿಚ್ಚದ ಬುತ್ತಿ ಎಲ್ಲವೂ ಕಟ್ಟುಕಥೆಯ ಲೆಕ್ಕಕ್ಕೆ ಸೇರುತ್ತವೆ. ನಡೆದದ್ದನ್ನು ಉಳಿಸಿಕೊಳ್ಳಬೇಕಾದರೆ ನಡೆಯದ್ದನ್ನು ಬೇರೆ ಇಡಬೇಕು.

ಇದು ದೂರದೂರಿನ ಕಥೆಯೂ ಅಲ್ಲ. 1901ರಲ್ಲಿ ಸಾತಾರದಂತೆ ನಮ್ಮ ಬಿಜಾಪುರ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲಿತ್ತು. ಬರಗಾಲ ಇಲ್ಲಿಗೂ ಹೊಸದಲ್ಲ, ಚಕ್ಕಡಿ ದಾರಿಯೂ ಹೊಸದಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದು ಆ ಪ್ರಯಾಣ ನಡೆದು ಸುಮಾರು ಅರ್ಧ ಶತಮಾನದ ಬಳಿಕ.

ನೀವು ಏನು ಮಾಡಬಹುದು?

• ಕ್ಲಿಪ್ ಕಳಿಸುವಾಗ ‘ಧಾರಾವಾಹಿಯ ದೃಶ್ಯ’ ಎಂದು ಬರೆಯಿರಿ.
• ಘಟನೆ ಅಂಬೇಡ್ಕರ್ ಅವರ ಬರಹದಲ್ಲಿದ್ದರೆ ಅದನ್ನೂ ಸೇರಿಸಿ.
• ಫೋಟೋ ಮೇಲಿನ ಸಂಭಾಷಣೆಯನ್ನು ‘ಅಂಬೇಡ್ಕರ್ ಹೇಳಿದ ಮಾತು’ ಎಂದು ಹಂಚಬೇಡಿ.
• ಮನೆಯ ಹಿರಿಯರನ್ನು ಒಮ್ಮೆ ಕೇಳಿ: ನಮ್ಮೂರ ಬಾವಿಯಲ್ಲಿ ನೀರು ಸೇದುತ್ತಿದ್ದವರು ಯಾರು, ಕೊಡ ಹಿಡಿದು ದೂರ ನಿಂತು ಕಾಯುತ್ತಿದ್ದವರು ಯಾರು?

ತೀರ್ಮಾನ: ನೀರು ಮತ್ತು ಶಾಲೆಯ ದೃಶ್ಯಗಳ ಹಿಂದಿನ ಅನುಭವ ಅಂಬೇಡ್ಕರ್ ಅವರೇ ಬರೆದಿಟ್ಟದ್ದು, ನಿಜ. ಸಂಭಾಷಣೆ ಮತ್ತು ತಾಯಿ-ಮಗನ ದೃಶ್ಯಗಳ ವಿವರ ನಾಟಕೀಯ ಕಲ್ಪನೆ.